ಎತ್ತಿನ ಬೆನ್ನೇರಿ ಕಾಗಿನೆಲೆಗೆ ಬಂದ ಮಾತು

2011ರ ಜನಗಣತಿಯ ಭಾಷಾ ಪಟ್ಟಿಯಲ್ಲಿ ಹಿಂದಿಯ ಎದುರು 52 ಕೋಟಿ 83 ಲಕ್ಷ ಎಂಬ ಅಂಕಿ ಇದೆ. ಈ ಅಂಕಿಯನ್ನು ಭಾಷಣಗಳಲ್ಲಿ, ಟಿ.ವಿ. ಚರ್ಚೆಗಳಲ್ಲಿ ಎಲ್ಲರೂ ಕೇಳಿದ್ದೇವೆ. ಆದರೆ ಆ ಸಾಲಿನ ಕೆಳಗೆ ಇಳಿದು ನೋಡಿದವರು ಎಷ್ಟು ಮಂದಿ? ನೋಡಬೇಕು ಕಣ್ರೀ, ನೋಡಲೇಬೇಕು! ಹಿಂದಿ ಎಂಬ ಒಂದೇ ಹೆಸರಿನ ಕೆಳಗೆ ಐವತ್ತಕ್ಕೂ ಹೆಚ್ಚು ತಾಯ್ನುಡಿಗಳು ಸಾಲಾಗಿ ನಿಂತಿವೆ. ಭೋಜಪುರಿ ಇದೆ, ಛತ್ತೀಸಗಢಿ ಇದೆ, ಮಾರವಾಡಿ ಇದೆ, ಹಿಮಾಲಯದ ಮಗ್ಗುಲಿನ ಕುಮಾವುನಿ, ಗಢವಾಲಿ ಇವೆ. ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಬೆರಳಿಟ್ಟು ಇಳಿಯುತ್ತ ಬಂದರೆ ಎಲ್ ಅಕ್ಷರದಲ್ಲಿ 'ಲಮಾಣಿ/ಲಂಬಾಡಿ', ಅದಾದ ಮೇಲೆ ಕೆಲವೇ ಸಾಲು ಕೆಳಗೆ ಎಮ್ ಅಕ್ಷರದಲ್ಲಿ 'ಮಾಗಧಿ/ಮಗಹಿ'. ಇವೆರಡು ಹೆಸರು ಹೀಗೆ ಅಕ್ಕಪಕ್ಕ ಬಂದದ್ದನ್ನು ಕಂಡ ದಿನ ನನಗೆ ಮೈಯೆಲ್ಲ ಜುಮ್ಮೆಂದಿತು.

ಏಕೆ ಅಂತೀರಾ? ಲಮಾಣಿ ಅಂದರೆ ಲಂಬಾಣಿ; ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಶಾಲೆಯ ಹಾಜರಿ ಪುಸ್ತಕದಲ್ಲಿ, ಬಸ್ ನಿಲ್ದಾಣದಲ್ಲಿ, ಕೋರ್ಟಿನ ಕೂಗಿನಲ್ಲಿ ದಿನಾ ಕಿವಿಗೆ ಬೀಳುವ ಅಡ್ಡಹೆಸರು. ಹಾವೇರಿಯ ಶಾಸಕರಾಗಿ 2023ರಲ್ಲಿ ವಿಧಾನಸಭೆಯ ಉಪಸಭಾಧ್ಯಕ್ಷರಾದ ರುದ್ರಪ್ಪ ಲಮಾಣಿ ಅವರ ಹೆಸರಿನಲ್ಲಿರುವುದೂ ಅದೇ. ಮಗಹಿ ಅಂದರೆ ಗಂಗೆಯ ದಕ್ಷಿಣ ದಂಡೆಯ ಪಟ್ನಾ, ಗಯಾ, ನಳಂದಾ, ನವಾದಾ, ಜೆಹಾನಾಬಾದ್ ಕಡೆಯವರ ಮಾತು. ಬುದ್ಧನಿಗೆ ಜ್ಞಾನೋದಯವಾದ ನೆಲದ ಭಾಷೆ, ಮೌರ್ಯರ ರಾಜಧಾನಿಯ ಸುತ್ತ ಬೆಳೆದ ಭಾಷೆ. ಕನಕದಾಸರ ಕಾಗಿನೆಲೆಯ ಸುತ್ತಲಿನ ಲಂಬಾಣಿ ತಾಂಡಾಗಳ ಮಾತು, ಪಾಟಲಿಪುತ್ರದ ಮಾತು ಎರಡೂ ದಿಲ್ಲಿಯ ಪಟ್ಟಿಯಲ್ಲಿ ಒಂದೇ ಗುಂಪು!

ಒಂದೇ ಗುಂಪಿಗೆ ಹಾಕಿದರು ಅಂದಮಾತ್ರಕ್ಕೆ ಇವು ಒಂದೇ ಏನು? ಆ ಪ್ರಶ್ನೆಯ ಬೆನ್ನು ಹತ್ತಿ ಹೊರಟವನಿಗೆ ಕಂಡ ಸೋಜಿಗಗಳನ್ನು ಹೇಳದೆ ಇರಲಾರೆ.

ಮೊದಲು ಕಿವಿಗೆ ಕೇಳಿಸಿಕೊಳ್ಳೋಣ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಸೀಸನ್ನಿನಲ್ಲಿ ಹೋದವರಿಗೆ ಗೊತ್ತು, ಊರಿಗೆ ಊರೇ ಕೆಂಪು. ಕಣ್ಣು, ಮೂಗು ಉರಿಯುವ ಆ ಘಾಟಿನ ನಡುವೆ ಸಾಲಾಗಿ ಕುಳಿತು ತೊಟ್ಟು ಮುರಿಯುವ, ಕಾಯಿ ವಿಂಗಡಿಸುವ ಹೆಣ್ಣುಮಕ್ಕಳ ಕೈಗಳು ನಿಲ್ಲುವುದೇ ಇಲ್ಲ. ಮುಖಕ್ಕೆ ಸೆರಗು ಕಟ್ಟಿಕೊಂಡ ಒಬ್ಬ ಹಿರಿಯಳು ಪಕ್ಕದ ಹುಡುಗಿಗೆ ಏನೋ ಅಂದಳು. ಕನ್ನಡ ಅಲ್ಲ, ಉರ್ದು ಅಲ್ಲ, ಮರಾಠಿಯೂ ಅಲ್ಲ.

"ಯವ್ವಾ, ಯಾವ ಭಾಷಿ ಇದು?" ಅಂತ ಕೇಳಿದೆ.

"ನಮ್ಮ ತಾಂಡಾದ ಭಾಷಿರೀ. ನಿಮಗ ತಿಳಿಯಂಗಿಲ್ಲ," ಅಂದಳು ನಗುತ್ತ, ಅಚ್ಚ ಹಾವೇರಿ ಕನ್ನಡದಲ್ಲಿ. ಮರುಗಳಿಗೆ ಹುಡುಗಿಯ ಕಡೆ ತಿರುಗಿ ಮತ್ತೆ ಆ ಇನ್ನೊಂದು ಭಾಷೆ. ಒಂದು ಉಸಿರಿನಿಂದ ಇನ್ನೊಂದು ಉಸಿರಿಗೆ ದ್ರಾವಿಡದಿಂದ ಆರ್ಯ ಭಾಷಾ ಕುಟುಂಬಕ್ಕೆ ದಾಟಿದ್ದಳು ಆಕೆ, ಕೈಯಲ್ಲಿನ ಕಾಯಿಯ ತೊಟ್ಟು ಮುರಿಯುವುದನ್ನು ನಿಲ್ಲಿಸದೆ!

ಆ ಭಾಷೆಯಲ್ಲಿ ನಿನ್ನ ಹೆಸರೇನು ಅಂತ ಕೇಳುವುದು ಹೀಗೆ: "ತಾರೋ ನಾಮ್ ಕಾಂಯಿ ಛ?" ಈಗ ಪಟ್ನಾ ಕಡೆಯ ಮಗಹಿಯಲ್ಲಿ ಅದೇ ಪ್ರಶ್ನೆ: "ತೋಹರ್ ನಾಮ್ ಕಾ ಹೈ?" ನಮಗೆ ಸಿನಿಮಾದಿಂದ ಪರಿಚಯವಿರುವ ಹಿಂದಿಯಲ್ಲಿ: "ತುಮ್ಹಾರಾ ನಾಮ್ ಕ್ಯಾ ಹೈ?" ಮೂರರಲ್ಲೂ 'ನಾಮ್' ಒಂದೇ, ಮಿಕ್ಕಿದ್ದು ಬೇರೆ. ಲಂಬಾಣಿಯ ಆ 'ಛ' ಇದೆಯಲ್ಲ, ಅದೇ ಇಡೀ ಕಥೆಯ ಬೀಗದ ಕೈ. ಗುಜರಾತಿಯವರು 'ಛೇ' ಅನ್ನುತ್ತಾರೆ. ಜೈಪುರದ ಸುತ್ತಲಿನ ಢೂಂಢಾಡಿಯವರು 'ಛೈ' ಅನ್ನುತ್ತಾರೆ. 'ಕಾಂಯಿ' ಅಂತ ಕೇಳುವುದು ರಾಜಸ್ಥಾನದ ಮರಳುಗಾಡಿನ ಕಡೆ. ಅಂದರೆ ಬ್ಯಾಡಗಿ ಪೇಟೆಯ ಆ ಹಿರಿಯಳ ನಾಲಗೆಯ ಮೇಲೆ ಅರಾವಳಿ ಬೆಟ್ಟಗಳ ಪಶ್ಚಿಮ ಭಾರತ ಇವತ್ತಿಗೂ ಕುಳಿತಿದೆ.

ಇದನ್ನು ನೂರು ವರ್ಷಕ್ಕೂ ಹಿಂದೆಯೇ ಗುರುತಿಸಿದವನು ಜಾರ್ಜ್ ಗ್ರಿಯರ್ಸನ್. ಭಾರತದ ಭಾಷಾ ಸಮೀಕ್ಷೆ ಎಂಬ ಮಹಾ ಕೆಲಸಕ್ಕೆ ಕೈ ಹಾಕಿದ ಈ ಐರಿಷ್ ಅಧಿಕಾರಿ ಅದಕ್ಕೂ ಮೊದಲು ಬಿಹಾರದಲ್ಲಿ ನೌಕರಿ ಮಾಡಿದವನು. ಅಲ್ಲಿನ ಹಳ್ಳಿಗರ ಮಾತು ಹಿಂದಿಯಲ್ಲ ಅಂತ ಅವನಿಗೆ ಕಿವಿಯಿಂದಲೇ ಖಾತ್ರಿಯಾಗಿತ್ತು. 1880ರ ದಶಕದಲ್ಲಿ ಬಿಹಾರದ ಭಾಷೆಗಳ ವ್ಯಾಕರಣಗಳನ್ನೇ ಬರೆದು ಹಾಕಿದ. 1903ರಲ್ಲಿ ಬಂದ ಸಮೀಕ್ಷೆಯ ಐದನೆಯ ಸಂಪುಟದಲ್ಲಿ ಮಗಹಿ, ಮೈಥಿಲಿ, ಭೋಜಪುರಿ ಮೂರನ್ನೂ ಸೇರಿಸಿ 'ಬಿಹಾರಿ' ಅಂತ ಕರೆದು, ಅವನ್ನು ಹಿಂದಿಯ ಪಕ್ಕದಲ್ಲಲ್ಲ, ಒಡಿಯಾದ ಪಕ್ಕದಲ್ಲಿ ಕೂರಿಸಿದ! ಬಂಗಾಳಿ, ಅಸ್ಸಾಮಿ, ಒಡಿಯಾ, ಮಗಹಿ ಇವೆಲ್ಲ ಮಾಗಧಿ ಪ್ರಾಕೃತದ ಒಂದೇ ಬಸಿರಿನಿಂದ ಬಂದವು ಎಂಬುದು ಅವನ ವಾದ. 1907ರಲ್ಲಿ ಬಂದ ಒಂಬತ್ತನೆಯ ಸಂಪುಟದ ಮೂರನೆಯ ಭಾಗದಲ್ಲಿ ಭಿಲ್ಲರ ಭಾಷೆಗಳ ಜೊತೆಗೆ ಬಂಜಾರಿ ಅಥವಾ ಲಭಾನಿ, ಅಂದರೆ ನಮ್ಮ ಲಂಬಾಣಿ, ಬಂತು. ಅದು ರಾಜಸ್ಥಾನಿ, ಗುಜರಾತಿಗಳ ಸಾಲಿನದು. ಒಂದು ಭಾರತದ ಪೂರ್ವದ್ದು, ಇನ್ನೊಂದು ಪಶ್ಚಿಮದ್ದು. ನಡುವೆ ಇಡೀ ಗಂಗಾ ಬಯಲು. ಗ್ರಿಯರ್ಸನ್ ಇಷ್ಟು ದೂರ ಇಟ್ಟವನ್ನು ಜನಗಣತಿ ಒಟ್ಟಿಗೆ ಕಟ್ಟಿದೆ.

ಮಗಹಿಯ ಒಳಗೆ ಒಂದಿಷ್ಟು ಇಣುಕಿದರೆ ಆಗುವ ಬೆರಗು ಬೇರೆ. ನಮ್ಮ ಕನ್ನಡದಲ್ಲಿ 'ಬಂದ', 'ಬಂದರು' ಅನ್ನುವಾಗ ಬಂದವರಿಗೆ ಗೌರವ ಕೊಟ್ಟೆವೋ ಇಲ್ಲವೋ ಎಂಬುದು ಕ್ರಿಯಾಪದದಲ್ಲೇ ಗೊತ್ತಾಗುತ್ತದೆ. ಮಗಹಿ ಅಲ್ಲಿಗೆ ನಿಲ್ಲುವುದಿಲ್ಲ. ನಾನು ಯಾರನ್ನು ನೋಡಿದೆನೋ ಅವರು ಹಿರಿಯರೋ ಕಿರಿಯರೋ ಎಂಬುದನ್ನು ಕೂಡ 'ನೋಡಿದೆ' ಎಂಬ ಪದದ ಬಾಲವೇ ಹೇಳಿಬಿಡುತ್ತದೆ. ಮಾಡಿದವನಿಗೂ ಮಾಡಿಸಿಕೊಂಡವನಿಗೂ ಏಕಕಾಲಕ್ಕೆ ಲೆಕ್ಕ ಕೊಡುವ ಕ್ರಿಯಾಪದ! ಭೂತಕಾಲಕ್ಕೆ ಬಂಗಾಳಿಯ ಹಾಗೆ ಲಕಾರ. ಹಿಂದಿಯಲ್ಲಿ ಇದಾವುದೂ ಇಲ್ಲ, ಲಂಬಾಣಿಯಲ್ಲೂ ಇಲ್ಲ. ಲಂಬಾಣಿಯ ಚೆಂದವೇ ಬೇರೆ. ಅಲ್ಲಿ ಗಂಡು ಕುದುರೆ 'ಘೋಡೋ', ಹೆಣ್ಣು ಕುದುರೆ 'ಘೋಡಿ'. 'ತಾಂಡಾದ' ಅನ್ನಲು 'ತಾಂಡೇರೋ', ಮುಂದೆ ಬರುವ ಪದ ಸ್ತ್ರೀಲಿಂಗವಾದರೆ 'ತಾಂಡೇರಿ'. ಈ ರೋ-ರೀ ಜೋಧಪುರದ ಬೀದಿಯಲ್ಲೂ ಕೇಳುತ್ತದೆ, ಕಾಗಿನೆಲೆಯಿಂದ ಬ್ಯಾಡಗಿಗೆ ಹೋಗುವ ಬಸ್ಸಿನಲ್ಲೂ ಕೇಳುತ್ತದೆ.

ಜೋಧಪುರ ಎಲ್ಲಿ, ಕಾಗಿನೆಲೆ ಎಲ್ಲಿ! ಈ ಭಾಷೆ ಇಲ್ಲಿಗೆ ಬಂದದ್ದಾದರೂ ಹೇಗೆ?

ಎತ್ತಿನ ಬೆನ್ನ ಮೇಲೆ. ಇದು ಅಲಂಕಾರದ ಮಾತಲ್ಲ, ಅಕ್ಷರಶಃ ಸತ್ಯ. ರೈಲು, ಲಾರಿ ಇಲ್ಲದ ಕಾಲದಲ್ಲಿ ಈ ದೇಶದ ದವಸ ಧಾನ್ಯ, ಉಪ್ಪು ಒಂದು ಸೀಮೆಯಿಂದ ಇನ್ನೊಂದು ಸೀಮೆಗೆ ಹೋಗುತ್ತಿದ್ದದ್ದು ಹೇರೆತ್ತುಗಳ ಮೇಲೆ. ಆ ಹೇರೆತ್ತುಗಳನ್ನು ನಡೆಸುತ್ತಿದ್ದವರು ಬಂಜಾರರು, ಅಂದರೆ ನಮ್ಮ ಲಂಬಾಣಿಗರು. 'ಲವಣ'ದಿಂದಲೇ ಲಂಬಾಣಿ, ಲಮಾಣಿ ಎಂಬ ಹೆಸರು ಬಂತು ಅಂತ ಬಹಳ ಜನ ಪಂಡಿತರ ಅಭಿಪ್ರಾಯ. ಪೀಟರ್ ಮಂಡಿ ಎಂಬ ಇಂಗ್ಲಿಷ್ ವರ್ತಕ 1632ರಲ್ಲಿ ಆಗ್ರಾದಿಂದ ಪಟ್ನಾಕ್ಕೆ ಹೋಗುವ ದಾರಿಯಲ್ಲಿ ಇಂಥ ಒಂದು ತಾಂಡಾವನ್ನು ಎದುರುಗೊಂಡ. ಎತ್ತುಗಳನ್ನು ಲೆಕ್ಕ ಹಾಕಿ ಬರೆದಿಟ್ಟ: 14,000! ಗೋಧಿ, ಅಕ್ಕಿ ಹೊತ್ತ ಹದಿನಾಲ್ಕು ಸಾವಿರ ಎತ್ತು ಒಂದೇ ದಾರಿಯಲ್ಲಿ, ಜೊತೆಗೆ ಹೆಂಗಸರು, ಮಕ್ಕಳು, ಮುದುಕರು, ಸಂಸಾರಕ್ಕೆ ಸಂಸಾರವೇ. ಆ ದಾರಿ ಮುಗಿಯುವ ಪಟ್ನಾ ಮಗಹಿಯ ಊರು ಎಂಬುದನ್ನು ನೆನೆಯಿರಿ. ಇವತ್ತು ಪಟ್ಟಿಯಲ್ಲಿ ಅಕ್ಕಪಕ್ಕ ಇರುವ ಈ ಎರಡು ಭಾಷೆಗಳು ನಾನೂರು ವರ್ಷದ ಹಿಂದೆ ಆ ದಾರಿಯ ಯಾವುದೋ ಸಂತೆಯಲ್ಲಿ ಧಾನ್ಯದ ರಾಶಿಯ ಎದುರು ಚೌಕಾಸಿ ಮಾಡಿದ್ದಿರಬಹುದು. ಫ್ರೆಂಚ್ ರತ್ನ ವ್ಯಾಪಾರಿ ತಾವೆರ್ನಿಯೇ ಕೂಡ ಹತ್ತು ಹನ್ನೆರಡು ಸಾವಿರ ಎತ್ತುಗಳ ಸಾಲನ್ನು ಕಂಡು ಬೆರಗಾಗಿ ಬರೆದಿದ್ದಾನೆ.

ದಕ್ಷಿಣಕ್ಕೆ ಅವರನ್ನು ಕರೆತಂದದ್ದು ಯುದ್ಧ. ಸೈನ್ಯ ನಡೆಯಬೇಕಾದರೆ ಹೊಟ್ಟೆಗೆ ಬೇಕಲ್ಲ! 1630ರ ಸುಮಾರಿಗೆ ಷಹಜಹಾನನ ವಜೀರ ಆಸಫ್ ಖಾನ್ ದಖ್ಖನಿಗೆ ದಂಡೆತ್ತಿ ಬಂದಾಗ ಭಂಗಿ, ಜಂಗಿ ಎಂಬ ರಾಠೋಡ ನಾಯಕರು ಅವನ ಸೈನ್ಯಕ್ಕೆ ಕಾಳು ಹೊತ್ತು ತಂದರು ಎಂಬ ಐತಿಹ್ಯವನ್ನು ಬಿರಾರ್ ಸೀಮೆಯ ಪೊಲೀಸ್ ಅಧಿಕಾರಿ ಕಂಬರ್ಲೆಜ್ 19ನೆಯ ಶತಮಾನದಲ್ಲಿ ಬರೆದಿಟ್ಟಿದ್ದಾನೆ. ಅವರ ಬಳಿ ಇದ್ದ ಎತ್ತುಗಳು 1,80,000 ಅಂತೆ. ನೀರು ಸಿಗದಿದ್ದರೆ ಯಾರ ಮನೆಯ ಹಂಡೆಯಿಂದಲಾದರೂ ತೆಗೆದುಕೊಳ್ಳಿ, ಮೇವು ಸಿಗದಿದ್ದರೆ ಗುಡಿಸಲ ಮೇಲಿನ ಹುಲ್ಲನ್ನಾದರೂ ಕಿತ್ತುಕೊಳ್ಳಿ, ನನ್ನ ಕುದುರೆ ನಿಂತಲ್ಲಿ ನಿಮ್ಮ ಎತ್ತು ನಿಲ್ಲಲಿ ಅಂತ ತಾಮ್ರದ ಹಾಳೆಯ ಮೇಲೆ ಚಿನ್ನದ ಅಕ್ಷರದಲ್ಲಿ ಬರೆಸಿಕೊಟ್ಟನಂತೆ. ಇದು ಜನ ಹೇಳಿಕೊಂಡು ಬಂದ ಕಥೆ. ಆದರೆ ಸೈನ್ಯಗಳು ಅವರನ್ನು ನಂಬಿದ್ದು ಮಾತ್ರ ಕಥೆಯಲ್ಲ. ಟಿಪ್ಪುವಿನ ಮೇಲೆ ಬಂದ ಕಾರ್ನ್‌ವಾಲಿಸನ ದಂಡಿಗೂ ಆಮೇಲೆ ಆರ್ಥರ್ ವೆಲ್ಲೆಸ್ಲಿಯ ದಂಡಿಗೂ ಕಾಳು ಹೊತ್ತವರು ಇವರೇ. ನೆಪೋಲಿಯನ್ನನನ್ನು ಸೋಲಿಸಿ ವೆಲಿಂಗ್ಟನ್ ಡ್ಯೂಕ್ ಅನ್ನಿಸಿಕೊಂಡ ಆ ವೆಲ್ಲೆಸ್ಲಿಯ ಪತ್ರಗಳಲ್ಲಿ 'ಬ್ರಿಂಜಾರಿ'ಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ಆ ಬ್ರಿಂಜಾರಿಗಳೆಂದರೆ ನಮ್ಮ ಬಂಜಾರರು.

ಯುದ್ಧಗಳು ನಿಂತವು. 1880ರ ದಶಕದಲ್ಲಿ ಹುಬ್ಬಳ್ಳಿ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು, ಹರಿಹರ ದಾರಿಗೆ ರೈಲು ಬಂತು. ಸಾವಿರ ಎತ್ತು ತಿಂಗಳುಗಟ್ಟಲೆ ಹೊರುವುದನ್ನು ಗೂಡ್ಸ್ ಗಾಡಿ ಎರಡು ದಿನದಲ್ಲಿ ಮುಟ್ಟಿಸಿತು. ಶತಮಾನಗಳ ಕಸುಬು ಒಂದೇ ತಲೆಮಾರಿನಲ್ಲಿ ಮುಗಿದುಹೋಯಿತು. ಅದರ ಮೇಲೆ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ. ಅಲೆದಾಡುವವರೆಲ್ಲ ಕಳ್ಳರು ಎಂಬ ಸರ್ಕಾರದ ಗುಮಾನಿಗೆ ದೇಶದ ಹಲವು ಕಡೆ ಬಂಜಾರರೂ ಗುರಿಯಾದರು. ಯಾರ ದಂಡಿಗೆ ಅನ್ನ ಹೊತ್ತರೋ ಅದೇ ಸರ್ಕಾರ ಅವರನ್ನು ಠಾಣೆಗೆ ಹಾಜರಿ ಹಾಕಿಸಿತು. ಆ ಹಣೆಪಟ್ಟಿ ಹೋದದ್ದು 1952ರಲ್ಲಿ. ಇದನ್ನು ಬರೆಯುವಾಗ ಬೆರಗು ಹೋಗಿ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಎತ್ತುಗಳು ಹೋದ ಮೇಲೆ ತಾಂಡಾ ನಿಂತಿತು. ನಡೆಯುವ ಸಾಲಿಗೆ ಇದ್ದ ಹೆಸರೇ ನಿಂತ ಊರಿಗೂ ಆಯಿತು. ಗುಡ್ಡದ ಅಂಚಿನಲ್ಲಿ, ಕಾಡಿನ ಮಗ್ಗುಲಲ್ಲಿ, ಹಳೆಯ ಊರಿನಿಂದ ಒಂದಿಷ್ಟು ದೂರದಲ್ಲಿ ಮನೆಗಳು ಎದ್ದವು. ನಾಯ್ಕ, ಕಾರಭಾರಿ, ಡಾವ್ ಎಂಬ ಮೂವರು ಹಿರಿಯರು. ಜಗಳ, ಮದುವೆ ಏನೇ ಇರಲಿ, 'ನಸಾಬ್' ಎಂಬ ಪಂಚಾಯ್ತಿ. ರಾಠೋಡ, ಚವ್ಹಾಣ, ಪವಾರ, ಜಾಧವ ಎಂಬ ಕುಲಗಳು. ಲಿಪಿಯಿಲ್ಲದ ಭಾಷೆ, ಶಾಲೆಯಿಲ್ಲದ ಭಾಷೆ, ಕಚೇರಿಯಲ್ಲಿ ಕೇಳುವವರಿಲ್ಲದ ಭಾಷೆ. ಆದರೂ ಅದು ಕರಗಿ ಹೋಗಲಿಲ್ಲ!

ಲಂಬಾಣಿ ಬಂದದ್ದು ಹೀಗೆ. ಮಗಹಿಯ ಕಡೆಯ ಮಾತೂ ಒಮ್ಮೆ ನಮ್ಮ ನಾಡಿಗೆ ಬಂದಿತ್ತು; ಅದನ್ನು ನೋಡಲು ಈಗ ಸ್ವಲ್ಪ ಈಶಾನ್ಯಕ್ಕೆ, ಕೊಪ್ಪಳಕ್ಕೆ ಬನ್ನಿ. ಅಲ್ಲಿನ ಗವಿಮಠದ ಬೆಟ್ಟದ ಬಂಡೆಯ ಮೇಲೆ, ಊರಾಚೆಯ ಪಾಲ್ಕಿಗುಂಡಿನ ಮೇಲೆ ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ಹಳೆಯ ಬ್ರಾಹ್ಮಿ ಅಕ್ಷರಗಳಿವೆ. ಅಶೋಕನ ಶಾಸನಗಳು. ಮಸ್ಕಿಯಲ್ಲಿ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ, ಬಳ್ಳಾರಿ ಸೀಮೆಯ ನಿಟ್ಟೂರು, ಉದೇಗೊಳಗಳಲ್ಲಿ, ಸನ್ನತಿಯಲ್ಲಿ ಕೂಡ ಇವೆ. ದೊರೆ ತನ್ನನ್ನು ಕರೆದುಕೊಳ್ಳುವ 'ದೇವಾನಂಪಿಯೇ' ಎಂಬ ಪದದ ಕೊನೆಗೆ ಒಂದು 'ಏ' ಇದೆ, ಗಮನಿಸಿ. ಪಶ್ಚಿಮದ ಪ್ರಾಕೃತಗಳಲ್ಲಿ ಅಲ್ಲಿ 'ಓ' ಬರಬೇಕು. ಆ 'ಏ' ಮಗಧದ ಗುರುತು. ಅಂದರೆ ಮಗಹಿಯ ಮುತ್ತಜ್ಜಿಯ ಮಾತು ನಮ್ಮ ಕಲ್ಲುಗಳ ಮೇಲೆ ಕುಳಿತಿದೆ! ಕನ್ನಡದ ಮೊದಲ ಶಾಸನ ಹುಟ್ಟುವುದಕ್ಕೆ ಆರೇಳು ನೂರು ವರ್ಷ ಮೊದಲೇ ಪಾಟಲಿಪುತ್ರದ ಭಾಷೆ ಕನ್ನಡ ನಾಡಿನ ಬಂಡೆಗೆ ಬಂದು ಕುಳಿತಿತ್ತು. ಬ್ರಹ್ಮಗಿರಿಯ ಶಾಸನದ ಕೊನೆಗೆ ಚಪಡ ಎಂಬ ಲಿಪಿಕಾರ ಹೆಸರು ಹಾಕಿದ್ದಾನೆ. ಬರೆದದ್ದೆಲ್ಲ ಬ್ರಾಹ್ಮಿಯಲ್ಲಿ, ಆದರೆ ತನ್ನ ಕಸುಬಿನ ಪದವನ್ನು ಮಾತ್ರ ಖರೋಷ್ಠಿಯಲ್ಲಿ, ಅಂದರೆ ಗಾಂಧಾರದ ಕಡೆ ಬಳಸುವ, ಬಲದಿಂದ ಎಡಕ್ಕೆ ಓದುವ ಲಿಪಿಯಲ್ಲಿ ಕೊರೆದಿದ್ದಾನೆ. ಇಲ್ಲಿ ನನ್ನ ಕಲ್ಪನೆ ಕಟ್ಟು ಹರಿದುಕೊಂಡು ಓಡುತ್ತದೆ. ಎಲ್ಲಿಯ ಗಾಂಧಾರ, ಎಲ್ಲಿಯ ಮಗಧ, ಎಲ್ಲಿಯ ಬ್ರಹ್ಮಗಿರಿ! ಮೂರೂ ಒಂದು ಉಳಿಯ ತುದಿಯಲ್ಲಿ ಕೂಡಿದವು.

ಆದರೆ ನೋಡಿ, ಚಕ್ರವರ್ತಿಯ ಆಜ್ಞೆಯಾಗಿ, ಅಧಿಕಾರಿಗಳ ಕೈಯಲ್ಲಿ, ಕಲ್ಲಿನ ಮೇಲೆ ಬಂದ ಭಾಷೆ ಇಲ್ಲಿ ಆಡುವ ಬಾಯಿ ಇಲ್ಲದೆ ಮೌನವಾಯಿತು. 1892ರಲ್ಲಿ ಬಿ.ಎಲ್. ರೈಸ್ ಬ್ರಹ್ಮಗಿರಿಯ ಶಾಸನ ಪತ್ತೆ ಮಾಡುವವರೆಗೆ ಅದು ಯಾವ ಭಾಷೆ ಅಂತ ಹೇಳುವವರೂ ಇರಲಿಲ್ಲ. ಯಾವ ಆಜ್ಞೆಯೂ ಇಲ್ಲದೆ, ಒಂದಕ್ಷರವೂ ಬರೆಯದೆ, ಉಪ್ಪಿನ ಮೂಟೆಯ ಜೊತೆಗೆ ಬಂದ ಭಾಷೆಯನ್ನು ಇವತ್ತು ಬೆಳಿಗ್ಗೆಯೂ ಯಾರೋ ತಾಯಿ ಆಡಿ ಮಗುವನ್ನು ಎಬ್ಬಿಸಿದ್ದಾಳೆ. ಅದನ್ನು ಉಳಿಸಿದವರು ಹೆಂಗಸರು. ಇದು ನನ್ನ ದೃಢ ನಂಬಿಕೆ, ಅದಕ್ಕೆ ಕಾರಣವೂ ಇದೆ.

ತಾಂಡಾದ ಮದುವೆಯಲ್ಲಿ ಹೆಣ್ಣನ್ನು ಕಳಿಸಿಕೊಡುವ ಹೊತ್ತನ್ನು ನೋಡಿದ್ದೀರಾ? ಮದುಮಗಳು ಸುಮ್ಮನೆ ಅಳುವುದಿಲ್ಲ. ಹಾಡುತ್ತ ಅಳುತ್ತಾಳೆ. 'ಢಾವ್ಲೋ' ಅಂತ ಅದಕ್ಕೆ ಹೆಸರು. ತಾಯಿಯ ಕೊರಳು ತಬ್ಬಿಕೊಂಡು 'ಯಾಡಿ' ಅಂತ ಕರೆಯುತ್ತಾಳೆ. ಯಾಡಿ ಅಂದರೆ ಅವ್ವ. ಆಮೇಲೆ ಅಪ್ಪನನ್ನು, ಅಣ್ಣನನ್ನು, ಗೆಳತಿಯರನ್ನು, ಒಬ್ಬೊಬ್ಬರನ್ನೇ ತಬ್ಬಿ, ಒಬ್ಬೊಬ್ಬರಿಗೂ ಬೇರೆ ಬೇರೆ ಸಾಲು ಕಟ್ಟುತ್ತಾಳೆ. ಇದನ್ನು ಮೊದಲೇ ಕಲಿತಿರಬೇಕು. ಹುಡುಗಿ ದೊಡ್ಡವಳಾಗುತ್ತಿದ್ದ ಹಾಗೆ ಹಿರಿಯ ಹೆಂಗಸರು ಅವಳಿಗೆ ಅಳುವುದನ್ನೇ ಕಲಿಸುತ್ತಾರೆ, ಯಾವ ಸಂಬಂಧಕ್ಕೆ ಯಾವ ಧಾಟಿ, ಎಲ್ಲಿ ಎಳೆಯಬೇಕು, ಎಲ್ಲಿ ಉಸಿರು ಹಿಡಿಯಬೇಕು ಅಂತ. ಈ ಅಳುವಿನ ಶಾಲೆ ಲಂಬಾಣಿ ವ್ಯಾಕರಣದ ಶಾಲೆಯೂ ಹೌದು. ಕನ್ನಡದಲ್ಲಿ ಢಾವ್ಲೋ ಅಳಲು ಬರುವುದಿಲ್ಲ, ಹಿಂದಿಯಲ್ಲಿ ಬರುವುದಿಲ್ಲ. ಆ ಒಂದು ಗಳಿಗೆಗೆ ಆ ಒಂದೇ ಭಾಷೆ ಬೇಕು.

ತೀಜ್ ಬಂದರೆ ಬುಟ್ಟಿಯಲ್ಲಿ ಗೋಧಿ ಸಸಿ ಬೆಳೆಸಿ ಹಾಡುವವರು ಹುಡುಗಿಯರು. ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆಮನೆಗೆ ಹೋಗಿ 'ಮೇರಾ' ಹಾರೈಸುವವರು ಹುಡುಗಿಯರು. ಹೋಳಿಯ 'ಲೇಂಗಿ'ಯಲ್ಲಿ ಮಾತ್ರ ಗಂಡಸರ ದನಿ ಮೇಲು. ಫೇಟಿಯಾ, ಕಾಂಚಳಿ ತೊಟ್ಟು, ಕನ್ನಡಿ ಕೂರಿಸಿ ಕಸೂತಿ ಹಾಕುವ ಹೆಂಗಸರ ಕೈಗೆ ಲೋಕ ಈಗ ಬೆಲೆ ಕೊಟ್ಟಿದೆ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿತು. ಅದೇ ಹೆಂಗಸರ ನಾಲಗೆಯ ಕಸೂತಿಗೆ ಇನ್ನೂ ಸಂವಿಧಾನದ ಮಾನ್ಯತೆ ಇಲ್ಲ.

ಭಾಷೆಯಷ್ಟೇ ಅಲ್ಲ, ಈ ಜನರೂ ಗಡಿ ಗಡಿಗೆ ಬೇರೆ ಬೇರೆ ಆಗುತ್ತಾರೆ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣ ಮತ್ತು ಆಂಧ್ರದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಅಲೆಮಾರಿಗಳು. ಬರೆಯುವಾಗ ಇಲ್ಲಿ ಕನ್ನಡ ಲಿಪಿ, ಅಲ್ಲಿ ತೆಲುಗು ಲಿಪಿ, ಇನ್ನೊಂದೆಡೆ ನಾಗರಿ. ಬಂಜಾರರ ಸಂತ ಸೇವಾಲಾಲರ ಪದಗಳನ್ನೇ ಮೂರು ಲಿಪಿಗಳಲ್ಲಿ ಅಚ್ಚು ಹಾಕುತ್ತಾರೆ, ಹಾಡುವಾಗ ಮಾತ್ರ ಒಂದೇ ಭಾಷೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಪ್ರತಿ ಫೆಬ್ರುವರಿಯಲ್ಲಿ ಸಂತ ಸೇವಾಲಾಲ್ ಜಯಂತಿಗೆ ನಮ್ಮ ಜಿಲ್ಲೆಯ ತಾಂಡಾಗಳಿಂದ ಮಾಲಾಧಾರಿಗಳು ಕಾಲ್ನಡಿಗೆಯಲ್ಲಿ ಹೋಗುತ್ತಾರೆ. ಆ ಜಾತ್ರೆಯಲ್ಲಿ ನಿಂತು ಕಿವಿಗೊಡಿ. ನಾಂದೇಡಿನವರು, ಮಹಬೂಬನಗರದವರು, ರಾಣೆಬೆನ್ನೂರಿನವರು ಒಬ್ಬರಿಗೊಬ್ಬರು ದುಭಾಷಿಯಿಲ್ಲದೆ ಮಾತಾಡುತ್ತಾರೆ. ಮೂರು ರಾಜ್ಯದ ಆಡಳಿತ ಭಾಷೆಗಳಿಗೆ ಆಗದ್ದು ಲಿಪಿಯಿಲ್ಲದ ಒಂದು ಭಾಷೆಗೆ ಆಗುತ್ತದೆ!

ಇನ್ನು ಅಂಕಿಗಳಿಗೆ ಬರೋಣ, ಅವೂ ಬೆರಗುಗೊಳಿಸುತ್ತವೆ. 2011ರಲ್ಲಿ ಮಗಹಿ ತಮ್ಮ ತಾಯ್ನುಡಿ ಅಂದವರು 1 ಕೋಟಿ 27 ಲಕ್ಷ. ಲಮಾಣಿ/ಲಂಬಾಡಿ ಅಂದವರು 32 ಲಕ್ಷ 76 ಸಾವಿರ. ಬಂಜಾರಿ ಅಂತ ಬರೆಸಿದ 15 ಲಕ್ಷ 81 ಸಾವಿರ ಜನರನ್ನು ಬೇರೆ ಸಾಲಿನಲ್ಲಿ ಎಣಿಸಿದ್ದಾರೆ, ಹೆಸರು ಬೇರೆ ಅಂದಮಾತ್ರಕ್ಕೆ. ಸಂವಿಧಾನದ ಎಂಟನೆಯ ಪರಿಚ್ಛೇದದಲ್ಲಿ ಜಾಗ ಪಡೆದ ಕೊಂಕಣಿಯ ಸಂಖ್ಯೆ 22 ಲಕ್ಷ ಚಿಲ್ಲರೆ, ಬೋಡೋ 14 ಲಕ್ಷ ಚಿಲ್ಲರೆ. ಅವಕ್ಕೆ ಸಿಕ್ಕ ಮಾನ ನೂರಕ್ಕೆ ನೂರು ನ್ಯಾಯವಾದದ್ದು. ಮಗಹಿಯ ಒಡಹುಟ್ಟಾದ ಮೈಥಿಲಿಗೂ 2003ರ ತಿದ್ದುಪಡಿಯಲ್ಲಿ ಆ ಜಾಗ ಸಿಕ್ಕಿತು. ಮಗಹಿ ಹೊರಗೇ ಉಳಿಯಿತು, ಲಂಬಾಣಿಯೂ ಹೊರಗೇ ಉಳಿಯಿತು. ಕರ್ನಾಟಕದಲ್ಲಿ ನೂರಕ್ಕೆ ಮೂರು ಜನ ಹಿಂದಿಯವರು ಅಂತ ಜನಗಣತಿ ಹೇಳುತ್ತದಲ್ಲ, ಅವರಲ್ಲಿ ದೊಡ್ಡದೊಂದು ಪಾಲು ಹಿಂದಿಯನ್ನು ಮನೆಯಲ್ಲಿ ಎಂದೂ ಆಡದ ನಮ್ಮ ಲಂಬಾಣಿಗರು. ಧಾರವಾಡವನ್ನು ಮನೆ ಮಾಡಿಕೊಂಡ ಗಣೇಶ್ ದೇವಿ ಅವರು ಜನರ ಭಾಷಾ ಸಮೀಕ್ಷೆ ನಡೆಸಿ ಈ ದೇಶದಲ್ಲಿ 780 ಭಾಷೆಗಳನ್ನು ಲೆಕ್ಕ ಹಿಡಿದರು. ಸರ್ಕಾರದ ಪಟ್ಟಿಯ ಕೊನೆಗೆ ಉಳಿಯುವುದು 121. ಮಿಕ್ಕವೆಲ್ಲ ಎಲ್ಲಿ ಅಡಗಿವೆ ಎಂಬುದಕ್ಕೆ ಹಿಂದಿಯ ಆ ಸಾಲು ಒಂದು ಉತ್ತರ.

ಲಂಬಾಣಿಗೆ ವ್ಯಾಕರಣ ಇಲ್ಲ ಅನ್ನುವವರಿಗೆ ಒಂದು ಮಾತು: ರೊನಾಲ್ಡ್ ಟ್ರೇಲ್ ಎಂಬ ಭಾಷಾವಿಜ್ಞಾನಿ 1970ರಲ್ಲೇ ಲಮಾಣಿ ವ್ಯಾಕರಣವನ್ನು ಪುಸ್ತಕವಾಗಿ ಪ್ರಕಟಿಸಿದ್ದಾನೆ. ಸಾಹಿತ್ಯ ಇಲ್ಲ ಅನ್ನುವವರು ಒಂದು ರಾತ್ರಿ ತಾಂಡಾದಲ್ಲಿ ಕುಳಿತು ಕೇಳಲಿ. ಆ ತಾಂಡಾದಿಂದಲೇ ಬಂದ ಬಿ.ಟಿ. ಲಲಿತಾ ನಾಯಕ್ ಕನ್ನಡದ ಕಥೆಗಾರ್ತಿಯಾಗಿ, ಮಂತ್ರಿಯಾಗಿ ಬೆಳೆದದ್ದನ್ನು ಕಂಡಿದ್ದೇವೆ. ಎರಡು ಭಾಷೆ ಒಂದು ಬಾಯಲ್ಲಿ ಇದ್ದರೆ ಕನ್ನಡಕ್ಕೆ ಲಾಭವೇ ಹೊರತು ನಷ್ಟವಿಲ್ಲ.

ಕಾಗಿನೆಲೆಯ ಆದಿಕೇಶವನ ಗುಡಿಗೆ ಬರುವವರಲ್ಲಿ ತಾಂಡಾದವರೂ ಇರುತ್ತಾರೆ. ದೇವರ ಮುಂದೆ ಕನ್ನಡದಲ್ಲಿ ಬೇಡಿಕೊಳ್ಳುತ್ತಾರೆ, ಹೊರಗೆ ಬಂದು ಮಕ್ಕಳಿಗೆ ಚಪ್ಪಲಿ ಹಾಕಿಸುವಾಗ ಲಂಬಾಣಿಯಲ್ಲಿ ಗದರುತ್ತಾರೆ. ಅಕ್ಕಿ ಮತ್ತು ರಾಗಿಯ ಜಗಳದಲ್ಲಿ ಬಡವರ ಕಾಳಿನ ಪಕ್ಷ ಹಿಡಿದು 'ರಾಮಧಾನ್ಯ ಚರಿತೆ' ಬರೆದ ಕನಕದಾಸರ ಊರಿದು. ಎರಡೂ ಕಾಳುಗಳನ್ನು ಬೆನ್ನ ಮೇಲೆ ಹೊತ್ತು ದೇಶ ಸುತ್ತಿದವರ ಮೊಮ್ಮಕ್ಕಳು ಈ ಊರಿನ ಸುತ್ತ ನೆಲೆ ನಿಂತದ್ದು ನನಗೆ ಬಹಳ ಒಪ್ಪಿತವೆನಿಸುತ್ತದೆ.

ತಾಂಡಾದ ಮಕ್ಕಳು ಈಗ ಗೋವಾಕ್ಕೆ, ಮಲೆನಾಡಿನ ಕಾಫಿ ತೋಟಗಳಿಗೆ, ಕಬ್ಬಿನ ಗದ್ದೆಗಳಿಗೆ ದುಡಿಯಲು ಹೋಗುವ ಅಪ್ಪ ಅಮ್ಮಂದಿರ ಜೊತೆ ಅಲೆಯುತ್ತಾರೆ. ಓದಿದ ಮನೆಗಳಲ್ಲಿ ಮಕ್ಕಳ ಜೊತೆ ಲಂಬಾಣಿ ಆಡುವುದು ಕಡಿಮೆಯಾಗುತ್ತಿದೆ. ಢಾವ್ಲೋ ಕಲಿಸುವ ಅಜ್ಜಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ನಮ್ಮದೇ ಜಿಲ್ಲೆಯಲ್ಲಿ, ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ, 2011ರಲ್ಲಿ ಶುರುವಾದ ಜಾನಪದ ವಿಶ್ವವಿದ್ಯಾಲಯ ಇದೆ. ಹಾವೇರಿ ಜಿಲ್ಲೆಯ ಪ್ರತಿ ತಾಂಡಾದ ಪ್ರತಿ ಅಜ್ಜಿಯ ದನಿಯನ್ನು ಅಲ್ಲಿ ದಾಖಲು ಮಾಡಿ ಇಡಬೇಕು, ತಡ ಮಾಡಬಾರದು.

ಕೊನೆಗೆ ತಾಂಡಾದ ಅಣ್ಣ ತಮ್ಮಂದಿರಿಗೆ, ಅಕ್ಕ ತಂಗಿಯರಿಗೆ ಒಂದು ಬಿನ್ನಹ. 2027ರ ಜನಗಣತಿಗೆ ಎಣಿಕೆದಾರರು ಮನೆ ಬಾಗಿಲಿಗೆ ಬಂದು ನಿಮ್ಮ ತಾಯ್ನುಡಿ ಯಾವುದು ಅಂತ ಕೇಳುತ್ತಾರೆ. ನಾಚಬೇಡಿ, ಅವರು ಏನಾದರೂ ಬರೆದುಕೊಳ್ಳಲಿ ಅಂತ ಬಿಡಬೇಡಿ. ಲಂಬಾಣಿ ಅಂತ ಸ್ಪಷ್ಟವಾಗಿ ಹೇಳಿ, ಬರೆದದ್ದನ್ನು ನೋಡಿ. ಎಣಿಕೆಗೆ ಹೋಗುವ ಮೇಷ್ಟ್ರುಗಳೇ, ಟೀಚರುಗಳೇ, ನೀವೂ ಅವರು ಹೇಳಿದ ಹೆಸರನ್ನೇ ಬರೆಯಿರಿ.